ಐದು ತಿಂಗಳ ನಡಿಗೆಗೆ ಎರಡೇ ಕಿಲೋ: ನಡೆಯುವುದು ನಿಜವಾಗಿ ವ್ಯಾಯಾಮವೇ?

ಕದ್ರಿವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನಗೆ 48 ವರ್ಷ. ದಿನದ ಎಂಟು ಗಂಟೆ ಕುರ್ಚಿಯಲ್ಲೇ ಕಳೆಯುವ ಲೆಕ್ಕಪತ್ರದ ಕೆಲಸ. ಕೆಲವು ತಿಂಗಳ ಹಿಂದೆ ರಕ್ತಪರೀಕ್ಷೆ ಮಾಡಿಸಿದಾಗ ಸಕ್ಕರೆಯ ಅಂಶ ಗಡಿಯಲ್ಲಿದೆ ಎಂದು ತಿಳಿಸಿದ ವೈದ್ಯರು, ಮಾತ್ರೆ ಬರೆಯದೆ, "ದಿನಾ ನಡೆಯಿರಿ, ತೂಕ ಇಳಿಸಿ" ಎಂದಷ್ಟೇ ಹೇಳಿ ಕಳುಹಿಸಿದರು. ಅಂದಿನಿಂದ ವಾರಕ್ಕೆ ಆರು ದಿನ ಬೆಳಿಗ್ಗೆ ಆರಕ್ಕೆ ಮಂಗಳೂರಿನ ಕದ್ರಿ ಪಾರ್ಕಿಗೆ ಹೋಗಿ, ಮೂವರು ಗೆಳೆಯರೊಂದಿಗೆ ಮುಕ್ಕಾಲು ಗಂಟೆ ನಡೆಯುತ್ತಿದ್ದೇನೆ. ಫೋನಿನ ಲೆಕ್ಕದಲ್ಲಿ ಸುಮಾರು 3 ಕಿಲೋಮೀಟರ್. ಐದು ತಿಂಗಳಲ್ಲಿ ತೂಕ 82 ಕಿಲೋದಿಂದ 80ಕ್ಕೆ ಇಳಿದಿದೆ, ಅಷ್ಟೇ.

ಮೊನ್ನೆ ಮನೆಗೆ ಬಂದಿದ್ದ ಅಕ್ಕನ ಮಗ, ಜಿಮ್ಮಿಗೆ ಹೋಗುವ ಹುಡುಗ, "ಮಾವ, ನಡೆಯುವುದೆಲ್ಲ ವ್ಯಾಯಾಮ ಅಲ್ಲ, ಅದು ಟೈಂಪಾಸ್" ಎಂದುಬಿಟ್ಟ. ಅವನ ಮಾತನ್ನು ಒಪ್ಪಲು ಮನಸ್ಸಿಲ್ಲ, ತಳ್ಳಿಹಾಕೋಣವೆಂದರೆ ತೂಕದ ಯಂತ್ರ ಬಿಡುತ್ತಿಲ್ಲ. ಬೆವರಂತೂ ಅಂಗಿ ಹಿಂಡುವಷ್ಟು ಬರುತ್ತದೆ. ಅಷ್ಟು ಬೆವರಿದ ಮೇಲೂ ಕೊಬ್ಬು ಕರಗುವುದಿಲ್ಲವೆಂದರೆ ಹೇಗೆ? ಪಾರ್ಕಿನ ನಡಿಗೆಯನ್ನೇ ಮುಂದುವರಿಸಲೇ, ಅಥವಾ ಜಿಮ್ಮಿಗೆ ದುಡ್ಡು ಕಟ್ಟಲೇ? ತಿಳಿದವರು ದಯವಿಟ್ಟು ಹೇಳಬೇಕು.

ಫಿಸಿಯೋ ಉಡುಪಿ

ನಾನು ಉಡುಪಿಯಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡುವವನು. ನಿಮ್ಮಂತಹ ಪ್ರಶ್ನೆ ವಾರಕ್ಕೆ ನಾಲ್ಕು ಬಾರಿಯಾದರೂ ಕಿವಿಗೆ ಬೀಳುತ್ತದೆ, ಆದರೆ ಇಷ್ಟು ಸರಿಯಾಗಿ ಅಂಕಿಗಳನ್ನು ಕೊಟ್ಟು ಕೇಳುವವರು ಕಡಿಮೆ. ಹಾಗಾಗಿ ಲೆಕ್ಕ ಮಾಡಿಯೇ ಉತ್ತರಿಸುತ್ತೇನೆ.

ಸುಮ್ಮನೆ ಕುಳಿತಾಗ ದೇಹ ಖರ್ಚು ಮಾಡುವ ಶಕ್ತಿಯನ್ನು 1 ಮೆಟ್ ಎನ್ನುತ್ತಾರೆ. ಅದು ಪ್ರತಿ ಕಿಲೋ ತೂಕಕ್ಕೆ ಗಂಟೆಗೆ ಸುಮಾರು 1 ಕ್ಯಾಲೊರಿ. 45 ನಿಮಿಷಕ್ಕೆ 3 ಕಿಲೋಮೀಟರ್ ಎಂದರೆ ಗಂಟೆಗೆ 4 ಕಿಲೋಮೀಟರ್ ವೇಗ, ಅದಕ್ಕೆ ಸುಮಾರು 3 ಮೆಟ್. ಮನೆಯಲ್ಲಿ ಕುಳಿತಿದ್ದರೂ ಒಂದು ಮೆಟ್ ಖರ್ಚಾಗುತ್ತಿತ್ತಾದ್ದರಿಂದ ನಡಿಗೆಯ ನಿಜವಾದ ಸಂಪಾದನೆ ಎರಡು ಮೆಟ್. ನಿಮ್ಮ 80 ಕಿಲೋ ತೂಕಕ್ಕೆ ಮುಕ್ಕಾಲು ಗಂಟೆಯಲ್ಲಿ 120 ಕ್ಯಾಲೊರಿ. ಐದು ತಿಂಗಳಲ್ಲಿ ಸುಮಾರು 126 ದಿನ ನಡೆದಿದ್ದೀರಿ ಎಂದುಕೊಂಡರೆ ಒಟ್ಟು 15,000 ಕ್ಯಾಲೊರಿ ದಾಟುತ್ತದೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿರುತ್ತದೆ. ಭಾಗಿಸಿ ನೋಡಿ, ಎರಡು ಕಿಲೋ ಬರುತ್ತದೆ. ದೇಹ ಯಾವಾಗಲೂ ಇಷ್ಟು ಶಿಸ್ತಾಗಿ ಲೆಕ್ಕ ಒಪ್ಪಿಸುವುದಿಲ್ಲ ಎಂಬುದು ಬೇರೆ ಮಾತು, ಆದರೆ ನಿಮ್ಮ ನಡಿಗೆ ತಾನು ಕೊಡಬಹುದಾದದ್ದನ್ನು ಕೊಟ್ಟಿದೆ. ಹೆಚ್ಚಾಗಿದ್ದದ್ದು ನಿಮ್ಮ ನಿರೀಕ್ಷೆ.

ಈಗ ಅದೇ 120 ಕ್ಯಾಲೊರಿಯನ್ನು ಅಡುಗೆಮನೆಯಲ್ಲಿ ನೋಡೋಣ. ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲಿ, ಎಂದರೆ ಸುಮಾರು 14 ಗ್ರಾಮಿನಲ್ಲಿ, ಇರುವುದೂ ಹತ್ತಿರಹತ್ತಿರ ಅಷ್ಟೇ. ಒಗ್ಗರಣೆಗೆ ಎಣ್ಣೆಯ ಕ್ಯಾನನ್ನು ಬಗ್ಗಿಸಿ ಸುರಿಯುವಾಗ ಕೈ ಒಂದು ಕ್ಷಣ ಹೆಚ್ಚು ತಡೆದರೆ ಕದ್ರಿ ಪಾರ್ಕಿನ ಮುಕ್ಕಾಲು ಗಂಟೆ ಅಲ್ಲಿಗೆ ಮುಗಿಯಿತು. ತೂಕ ಇಳಿಸುವ ಕೆಲಸದ ದೊಡ್ಡ ಪಾಲು ತಟ್ಟೆಯದು. ಇಳಿದ ತೂಕ ಮರಳಿ ಏರದಂತೆ ಹಿಡಿದಿಡುವಲ್ಲಿ ನಡಿಗೆಯ ನೆರವು ದೊಡ್ಡದು.

ಬೆವರಿನ ವಿಷಯ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಆರುವುದಿಲ್ಲ, ಮೈಮೇಲೆ ನಿಂತು ಅಂಗಿಗೆ ಇಳಿಯುತ್ತದೆ. ಧಾರವಾಡದಲ್ಲಿ ಇದೇ ವೇಗದಲ್ಲಿ ನಡೆದವರ ಅಂಗಿ ಒಣಗಿರಬಹುದು, ಖರ್ಚಾದ ಕ್ಯಾಲೊರಿ ಮಾತ್ರ ಒಂದೇ. ಬೆವರಿನಿಂದ ಇಳಿದ ಅರ್ಧ ಕಿಲೋ ಎರಡು ಲೋಟ ನೀರಿನೊಂದಿಗೆ ಹಿಂದಿರುಗುತ್ತದೆ.

ಹಾಗಾದರೆ ನಡಿಗೆ ವ್ಯಾಯಾಮವೇ? ಖಂಡಿತ ಹೌದು, ವೇಗವಿದ್ದರೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ತೀವ್ರತೆಯ ಚಟುವಟಿಕೆಯನ್ನು ಹೇಳುತ್ತದೆ, ಬಿರುಸಿನ ನಡಿಗೆ ಅದರಲ್ಲಿ ಸೇರಿದೆ. ನೀವು 270 ನಿಮಿಷ ನಡೆಯುತ್ತೀರಿ, ಸಮಯದಲ್ಲಿ ಕೊರತೆಯಿಲ್ಲ. ಆದರೆ ನಿಮ್ಮ ವೇಗ ರಥಬೀದಿಯಲ್ಲಿ ಅಂಗಡಿ ನೋಡುತ್ತ ಸಾಗುವವರಿಗಿಂತ ಸ್ವಲ್ಪವೇ ಮೇಲು. ನಾಳೆ ಒಂದು ನಿಮಿಷ ಹೆಜ್ಜೆ ಎಣಿಸಿ. ನೂರಕ್ಕಿಂತ ಕಡಿಮೆಯಿದ್ದರೆ ವೇಗ ಸಾಲದು. ಇನ್ನೂ ಸುಲಭದ ಪರೀಕ್ಷೆಯೆಂದರೆ, ನಡೆಯುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದೇ 45 ನಿಮಿಷದಲ್ಲಿ 4.2 ಕಿಲೋಮೀಟರ್ ನಡೆದರೆ 120ರ ಬದಲು ಸುಮಾರು 200 ಕ್ಯಾಲೊರಿ ಖರ್ಚಾಗುತ್ತದೆ. ಏರುದಾರಿಯಾದರೆ ಇನ್ನೂ ಹೆಚ್ಚು. ಮಂಗಳೂರಿನವರಿಗೆ ಏರಿನ ಬರವಿಲ್ಲ, ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಒಮ್ಮೆ ನಿಲ್ಲದೆ ಹತ್ತಿ ನೋಡಿ. ಹತ್ತುವಾಗ ಎದೆ ಬಿಗಿದರೆ ಅಥವಾ ತಲೆ ಸುತ್ತಿದರೆ ಅಲ್ಲಿಯೇ ನಿಂತು, ವೈದ್ಯರನ್ನು ಕಂಡ ಮೇಲೆಯೇ ಮುಂದುವರಿಯಿರಿ.

ಹಳೆಯದೊಂದು ಅಧ್ಯಯನ ನೆನಪಾಗುತ್ತದೆ. 1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯ ವಿಜ್ಞಾನಿ ಲಂಡನ್ನಿನ ಎರಡು ಮಹಡಿಯ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿ, ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರರಿಗಿಂತ ಕುಳಿತೇ ಇರುವ ಚಾಲಕರಲ್ಲಿ ಹೃದ್ರೋಗ ಹೆಚ್ಚೆಂದು ತೋರಿಸಿದರು. ಅಲ್ಲಿ ಯಾರೂ ಜಿಮ್ಮಿಗೆ ಹೋದವರಲ್ಲ. ನಮ್ಮ ಸಿಟಿ ಬಸ್ಸಿನ ಕಂಡಕ್ಟರರನ್ನು ನೋಡಿದಾಗಲೆಲ್ಲ ನನಗೆ ಆ ಅಧ್ಯಯನವೇ ಕಣ್ಮುಂದೆ ಬರುತ್ತದೆ.

ಅಜ್ಜರಕಾಡಿನ ಟೀಚರ್

ನಿವೃತ್ತ ಶಿಕ್ಷಕಿ ನಾನು, ಸಕ್ಕರೆ ಕಾಯಿಲೆಯೊಂದಿಗೆ ಹನ್ನೊಂದು ವರ್ಷಗಳ ಒಡನಾಟ. ಮೇಲಿನವರು ತೂಕದ ಲೆಕ್ಕವನ್ನು ಚೆನ್ನಾಗಿ ಬಿಡಿಸಿದ್ದಾರೆ, ಆದರೆ ಕದ್ರಿಯವರನ್ನು ವೈದ್ಯರು ನಡೆಯಲು ಕಳುಹಿಸಿದ್ದು ಸಕ್ಕರೆಗಾಗಿ ಎಂಬುದು ಈ ಚರ್ಚೆಯಲ್ಲಿ ಹಿಂದೆ ಸರಿಯುತ್ತಿದೆ.

ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯನ್ನು ನಡೆಯುವ ಕಾಲಿನ ಸ್ನಾಯುಗಳು ನೇರವಾಗಿ ಬಳಸಿಕೊಳ್ಳುತ್ತವೆ. ಆದ್ದರಿಂದ ನಾನು ಬೆಳಗಿನ ನಡಿಗೆಯನ್ನು ಅರ್ಧ ಗಂಟೆಗೆ ಇಳಿಸಿ, ಮಧ್ಯಾಹ್ನ ಮತ್ತು ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ಅಂಗಳದಲ್ಲೇ ಸುತ್ತುವುದನ್ನು ರೂಢಿಸಿಕೊಂಡೆ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಉಂಡ ಒಂದೂವರೆ ಗಂಟೆಯ ಬಳಿಕ ಮನೆಯ ಗ್ಲುಕೋಮೀಟರಿನಲ್ಲಿ ನೋಡಿದರೆ, ಸುತ್ತಿದ ದಿನಕ್ಕೂ ಮಲಗಿದ ದಿನಕ್ಕೂ ವ್ಯತ್ಯಾಸ ಎದ್ದು ಕಾಣುತ್ತದೆ. ಹೀಗೆ ಸುತ್ತತೊಡಗಿದ ಮೊದಲ ಮೂರು ತಿಂಗಳಲ್ಲಿ ನನ್ನ ತೂಕ ನೂರು ಗ್ರಾಂ ಕೂಡ ಇಳಿಯಲಿಲ್ಲ. ತೂಕವೊಂದನ್ನೇ ನೋಡುತ್ತಿದ್ದರೆ ನಾನೂ ನಡಿಗೆ ಬಿಟ್ಟುಬಿಡುತ್ತಿದ್ದೆ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ಬೆಲ್ಲವೋ ಗ್ಲೂಕೋಸೋ ಇಟ್ಟುಕೊಂಡೇ ಹೊರಡಿ. ಮಲ್ಪೆಯ ಮರಳಿನಲ್ಲಿ ಬರಿಗಾಲಿನಲ್ಲಿ ನಡೆಯುವುದು ಹಿತವೇ, ಕಾಲಿಗೆ ಶ್ರಮವೂ ಹೆಚ್ಚು. ಆದರೆ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಒಂದು ಚಿಪ್ಪಿನ ಚೂರು ತಿಂಗಳುಗಟ್ಟಲೆ ಕಾಡುವ ಹುಣ್ಣಾಗಬಲ್ಲದು. ಚಪ್ಪಲಿ ಬಿಡಬೇಡಿ.

ಕಬ್ಬಿಣದವ

ಮಣಿಪಾಲದಲ್ಲಿ ಹನ್ನೆರಡು ವರ್ಷಗಳಿಂದ ಭಾರ ಎತ್ತುತ್ತಿರುವವನಾಗಿ ಆ ಅಕ್ಕನ ಮಗನ ಪರವಾಗಿಯೂ ಒಂದು ಮಾತು ಹೇಳಬೇಕೆನಿಸಿತು. ಅವನು ಬಳಸಿದ ಶಬ್ದ ಉಡಾಫೆಯದು, ಆದರೆ ವಿಷಯ ಪೂರ್ತಿ ಸುಳ್ಳಲ್ಲ.

ಮೊದಲಿಗೆ ಬಸ್ಸಿನ ಕಥೆ. ಅದೇ ಮಾರಿಸ್ ಮತ್ತು ಜೊತೆಗಾರರು 1956ರಲ್ಲಿ ಆ ನೌಕರರ ಸಮವಸ್ತ್ರದ ಅಳತೆಗಳನ್ನು ನೋಡಿದಾಗ ಕಂಡದ್ದು, ಚಾಲಕರ ಪ್ಯಾಂಟಿನ ಸೊಂಟದ ಅಳತೆ ಕಂಡಕ್ಟರರದ್ದಕ್ಕಿಂತ ದೊಡ್ಡದಾಗಿತ್ತು, ಚಿಕ್ಕ ವಯಸ್ಸಿನವರಲ್ಲೂ ಕೂಡ. ಎಂದರೆ ವ್ಯತ್ಯಾಸದ ಸ್ವಲ್ಪ ಭಾಗವನ್ನು ಅವರು ಕೆಲಸಕ್ಕೆ ಸೇರುವಾಗಲೇ ಹೊತ್ತು ತಂದಿದ್ದಿರಬಹುದು. ಮೆಟ್ಟಿಲಿಗೆ ಎಲ್ಲ ಕೀರ್ತಿಯನ್ನೂ ಕೊಡಲಾಗದು.

ಎರಡನೆಯದಾಗಿ, ಫಿಸಿಯೋ ಅವರು ಉಲ್ಲೇಖಿಸಿದ ಮಾರ್ಗಸೂಚಿಯಲ್ಲೇ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂಬ ಸಾಲೂ ಇದೆ; ನಡೆಯುವವರು ಅದನ್ನು ಓದುವುದೇ ಇಲ್ಲ. ಊಟ ಕಡಿಮೆ ಮಾಡಿ ಬರೀ ನಡೆದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಮತ್ತು ಐವತ್ತರ ಹತ್ತಿರ ಕಳೆದುಕೊಂಡ ಸ್ನಾಯುವನ್ನು ಮರಳಿ ಪಡೆಯುವುದು ಕಷ್ಟ. ನಮ್ಮ ಹಿರಿಯರು ನಡೆದೇ ಗಟ್ಟಿಯಾಗಿದ್ದರು ಎನ್ನುವವರು, ಅವರು ಬಾವಿಯಿಂದ ಹತ್ತಾರು ಕೊಡ ನೀರು ಸೇದಿದ್ದನ್ನೂ, ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಗುಡ್ಡೆ ಇಳಿದದ್ದನ್ನೂ ಮರೆಯುತ್ತಾರೆ. ಇದಕ್ಕೆ ಜಿಮ್ಮೇ ಆಗಬೇಕೆಂದಿಲ್ಲ: ಕುರ್ಚಿಯಿಂದ ಕೈಯೂರದೆ ಹದಿನೈದು ಬಾರಿ ಏಳುವುದು, ಗೋಡೆಗೆ ಕೈಯೊತ್ತಿ ದಂಡ ಹೊಡೆಯುವುದು, ತುಂಬಿದ ಎರಡು ಬಾಲ್ದಿ ಹಿಡಿದು ಅಂಗಳದ ತುದಿಯವರೆಗೆ ಹೋಗಿ ಬರುವುದು ಆರಂಭಕ್ಕೆ ಸಾಕು.

ಪಣಂಬೂರು ಓದುಗ

ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ಮಾತನ್ನು ಇನ್ನೂ ಯಾರೂ ಎತ್ತದಿರುವುದು ಸಂತೋಷ. ಆ ಸಂಖ್ಯೆ ಯಾವ ವೈದ್ಯರ ಚೀಟಿಯಿಂದಲೂ ಬಂದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ "ಮನ್‌ಪೊಕೆಯ್" ಎಂಬ ಹೆಜ್ಜೆ ಎಣಿಸುವ ಸಾಧನದ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದು. ಒಂದು ಸಲಹೆ: ತೂಕದೊಂದಿಗೆ ಸೊಂಟವನ್ನೂ ಟೇಪಿನಲ್ಲಿ ಅಳೆಯಿರಿ. ಭಾರತೀಯರಿಗೆ ಹೇಳುವ ಮಿತಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80.

ಕದ್ರಿವಾಸಿ (ಮೂರು ವಾರಗಳ ಬಳಿಕ)

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಮರುದಿನವೇ ಹೆಜ್ಜೆ ಎಣಿಸಿದೆ: ನಿಮಿಷಕ್ಕೆ 92. ಗೆಳೆಯರಿಗೆ ವಿಷಯ ತಿಳಿಸಿದಾಗ ಒಬ್ಬರಿಗೆ ಸ್ವಲ್ಪ ಬೇಸರವಾಯಿತು, ಏಕೆಂದರೆ ಅವರ ಪಾಲಿಗೆ ಪಾರ್ಕ್ ಎಂದರೆ ಮುಖ್ಯವಾಗಿ ರಾಜಕೀಯ. ಕೊನೆಗೆ ಒಪ್ಪಂದವೊಂದು ಆಯಿತು: ಮೊದಲ ಅರ್ಧ ಗಂಟೆ ಅವರವರ ವೇಗ, ಕೊನೆಯ ಹದಿನೈದು ನಿಮಿಷ ಒಟ್ಟಿಗೆ ಮಾತು. ಈಗ ಆ ಅರ್ಧ ಗಂಟೆಯಲ್ಲಿ ನಿಮಿಷಕ್ಕೆ 115 ಹೆಜ್ಜೆ ಬೀಳುತ್ತದೆ. ವಾರಕ್ಕೆ ಎರಡು ದಿನ ಪಾರ್ಕಿನ ಬದಲು ಕದ್ರಿ ದೇವಸ್ಥಾನದ ಮೇಲಿನ ಜೋಗಿ ಮಠದವರೆಗೆ ಮೆಟ್ಟಿಲು ಹತ್ತುತ್ತೇನೆ. ಮೊದಲ ದಿನ ಮೂರು ಕಡೆ ನಿಂತೆ, ಮೊನ್ನೆ ಒಂದೇ ಕಡೆ.

ಎಣ್ಣೆಯ ಲೆಕ್ಕವನ್ನೂ ತೆಗೆದೆವು. ನಾವು ನಾಲ್ಕು ಮಂದಿ, ತಿಂಗಳಿಗೆ ಐದು ಲೀಟರಿನ ಒಂದು ಕ್ಯಾನ್ ಖಾಲಿಯಾಗುತ್ತದೆ. ತಲಾ ದಿನಕ್ಕೆ 38 ಗ್ರಾಂ, ಎಂದರೆ ಸುಮಾರು 340 ಕ್ಯಾಲೊರಿ. ನನ್ನ ಮೂರು ದಿನದ ಹಳೆಯ ನಡಿಗೆಗೆ ಹತ್ತಿರ ಹತ್ತಿರ. ಇದನ್ನು ಕಾಗದದಲ್ಲಿ ಬರೆದು ತೋರಿಸಿದಾಗ ಮನೆಯವಳು ಹೇಳಿದ್ದು, "ಭಾನುವಾರದ ಗೋಳಿಬಜೆ ಯಾರಿಗೆ ಬೇಕಿತ್ತು ಅಂತಲೂ ಅದರಲ್ಲಿ ಬರೆಯಿರಿ." ಬರೆದಿದ್ದೇನೆ. ಬಾಣಲೆಗೆ ಈಗ ಚಮಚದಿಂದಲೇ ಎಣ್ಣೆ ಬೀಳುತ್ತಿದೆ.

ತೂಕ 79.3, ಸೊಂಟ 98 ಸೆಂಟಿಮೀಟರ್. ಅಕ್ಕನ ಮಗನಿಗೆ ಫೋನ್ ಮಾಡಿ, ಬಾಲ್ದಿ ಹಿಡಿದು ನಡೆಯುವಾಗ ಬೆನ್ನು ಹೇಗಿರಬೇಕೆಂದು ಕೇಳಿದೆ. ಈ ಭಾನುವಾರ ಬಂದು ತೋರಿಸಿಕೊಡುತ್ತಾನಂತೆ. ನಿನ್ನೆಯಿಂದ ಮಳೆ ಹಿಡಿದಿದೆ, ಇವತ್ತು ಫ್ಲಾಟಿನ ಐದು ಮಹಡಿಗಳನ್ನು ಆರು ಸಲ ಹತ್ತಿಳಿದೆ.