ಕೆಗ್ (ಬಿಯರ್ ತುಂಬಿಡುವ ಪೀಪಾಯಿ) ತುಂಬಿತಾ ಅಂತ ತೂಕ ಹಾಕಿ ನೋಡಿದವರಿದ್ದೀರಾ?

ನಾನು ಟೆಕ್ಸಾಸ್‌ನಲ್ಲಿದ್ದೇನೆ, ಮನೆಯಲ್ಲೇ ಬಿಯರ್ ಮಾಡುತ್ತೇನೆ. ಗಾಳಿ ತಾಗಬಾರದು ಅಂತ ಮುಚ್ಚಳ ತೆಗೆಯದೆ, ಫರ್ಮೆಂಟರ್‌ನಿಂದ, ಅಂದರೆ ಬಿಯರ್ ಹುದುಗುವ ಪಾತ್ರೆಯಿಂದ, ಪೈಪಿನಲ್ಲೇ 5 ಗ್ಯಾಲನ್ ಕೆಗ್‌ಗೆ ಬಿಡುತ್ತೇನೆ. ಸ್ಟೀಲ್ ಕೆಗ್, ಒಳಗೆ ಏನೂ ಕಾಣುವುದಿಲ್ಲ. ಮೊನ್ನೆ ಕೆಗ್ ಒಳಗಿನ ಗ್ಯಾಸ್ ಹೊರಹೋಗುವ ಪೈಪಿನಿಂದ ಬಿಯರ್ ಉಕ್ಕಿ ಗ್ಯಾರೇಜೆಲ್ಲ ಅಂಟು. ತೂಕ ನೋಡಿಕೊಂಡು ತುಂಬಿದರೆ ಸರಿಹೋಗುತ್ತಾ?

— ಧಾರಾಳವಾಗಿ. ಊರಿನ ಹಾಲಿನ ಡೇರಿಯಲ್ಲಿ ತೂಕ ಹಾಕಿಯೇ ಲೀಟರ್ ಲೆಕ್ಕ ಹಿಡಿಯುತ್ತಾರಲ್ಲ, ಹಾಗೇ ಇದೂ. ಎಷ್ಟೇ ನೊರೆ ಬರಲಿ, ತೂಕ ಮೋಸ ಮಾಡುವುದಿಲ್ಲ. ಖಾಲಿ ಕೆಗ್ ಸುಮಾರು 4 ಕೆಜಿ ಇರುತ್ತದೆ, ಆದರೆ ಒಂದೊಂದು ಒಂದೊಂದು ಥರ, ಹಾಗಾಗಿ ಎರಡೂ ಪೈಪ್ ಸಿಕ್ಕಿಸಿ, ಕೆಗ್ಗನ್ನು ಸ್ಕೇಲ್ ಮೇಲೆ ಕೂರಿಸಿದ ಮೇಲೇ ಸೊನ್ನೆ ಮಾಡಿ. ಪೈಪ್ ಬಿಗಿಯಾಗಿ ಎಳೆದುಕೊಂಡಿದ್ದರೆ ತೂಕ ಏರುಪೇರಾಗುತ್ತದೆ, ಸ್ವಲ್ಪ ಸಡಿಲ ಬಿಡಿ. 5 ಗ್ಯಾಲನ್ ಅಂದರೆ 18.9 ಲೀಟರ್. ಫೈನಲ್ ಗ್ರಾವಿಟಿ (ಹುದುಗಿ ಮುಗಿದ ಬಿಯರ್ ನೀರಿಗಿಂತ ಎಷ್ಟು ಪಟ್ಟು ಸಾಂದ್ರ ಅನ್ನುವ ಅಂಕಿ) 1.010 ಇದ್ದರೆ ಲೀಟರಿಗೆ 1.01 ಕೆಜಿ, ಒಟ್ಟು 19.1 ಕೆಜಿ. ನಾನು ಮಾತ್ರ 18.5 ಕೆಜಿಗೇ ನಿಲ್ಲಿಸುತ್ತೇನೆ, ಗ್ಯಾಸ್ ಕಡೆಯ ಗಿಡ್ಡ ಕೊಳವೆಗೆ ಬಿಯರ್ ಮುಟ್ಟಬಾರದು ನೋಡಿ. ಗಾಳಿ ಇರಬಾರದು ಅಂತ ಒಳಗೆ ಮೊದಲೇ ತುಂಬಿಸಿದ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತದಲ್ಲ ಅಂತ ಕೆಲವರು ಲೆಕ್ಕ ಹಾಕುತ್ತಾರೆ. ಅದೆಲ್ಲ ಸೇರಿ ನಲವತ್ತು ಗ್ರಾಂ ಕೂಡ ಇಲ್ಲ, ಸುಮ್ನೆ ಬಿಡಿ.

— ಸ್ಕೇಲ್ ಯಾವುದು ಅಂತ ಯಾರೂ ಹೇಳಲೇ ಇಲ್ಲವಲ್ಲ! ನಾವು ಮೈ ತೂಕ ನೋಡುವ ಸ್ಕೇಲ್ ಇಟ್ಟು ಕೆಟ್ಟೆ. ಒಂದು ಸಲ ಅಂಕಿ ನಿಂತರೆ ಅಲ್ಲೇ ಗಟ್ಟಿ, ಸ್ವಲ್ಪ ಹೊತ್ತಿಗೆ ಆರಿಯೂ ಹೋಗುತ್ತದೆ, ಮತ್ತೆ ಹಾಕಿದರೆ ಅರ್ಧ ತುಂಬಿದ ಕೆಗ್ಗನ್ನೇ ಸೊನ್ನೆ ಅನ್ನುತ್ತದೆ. ನನ್ನದೂ ಉಕ್ಕಿತು. ಪಾರ್ಸೆಲ್ ತೂಗುವ ಸ್ಕೇಲ್ ತಗೊಳ್ಳಿ, ಕರೆಂಟಿಗೆ ಸಿಕ್ಕಿಸುವಂಥದ್ದು, ಅಂಕಿ ತೋರಿಸುವ ಡಬ್ಬಿ ವೈರಿನಲ್ಲಿ ಬೇರೆಯೇ ಇರುವಂಥದ್ದು. ಇಲ್ಲದಿದ್ದರೆ ಅಂಕಿ ಕೆಗ್ ಅಡಿ ಸೇರಿಕೊಳ್ಳುತ್ತದೆ, ನೆಲಕ್ಕೆ ಮಲಗಿ ಓದಬೇಕು.

— ತುಂಬುವಾಗ ನಾನು ತೂಕ ನೋಡುವುದಿಲ್ಲ. ಬಿಯರ್ ತಣ್ಣಗಿದ್ದು ಸೆಖೆಗಾಲವಾಗಿದ್ದರೆ ಕೆಗ್ ಹೊರಗೆ ಬೆವರುತ್ತದೆ, ಬೆವರು ಎಲ್ಲಿವರೆಗೆ ಬಂತೋ ಅಲ್ಲಿವರೆಗೆ ಬಿಯರ್. ಒಣ ಹವೆಯಲ್ಲಿ ಇದು ನಡೆಯುವುದಿಲ್ಲ. ಆದರೆ ಖಾಲಿ ಕೆಗ್ ತೂಕ ಟೇಪ್ ಮೇಲೆ ಬರೆದು ಅಂಟಿಸಿದ್ದೇನೆ, ನೆಂಟರು ಬರುವ ಮುಂಚೆ ಕೆಗ್ ತೂಗಿ ಅದನ್ನು ಕಳೆದರೆ ಎಷ್ಟು ಉಳಿದಿದೆ ಅಂತ ತಿಳಿಯುತ್ತದೆ.

— ಕೇಳಿದವನು ನಾನೇ. ಮನೆಯ ಸ್ಕೇಲ್ ಮೇಲೆ ಬಕೆಟ್ ನೀರಿಟ್ಟು ನೋಡಿದೆ, ಅರ್ಧ ನಿಮಿಷಕ್ಕೆ ಆರಿತು. ಪಾರ್ಸೆಲ್ ಸ್ಕೇಲ್ ಆರ್ಡರ್ ಮಾಡಿದ್ದೇನೆ.