ಕಣ್ಣಿಲ್ಲದ ದಬ್ಬಳ

ಭಾನುವಾರದ ಕಾಫಿಗೆ ಸೇರುವ ನಮ್ಮ ನಾಲ್ವರಲ್ಲಿ ಈ ಸಲ ವಾದ ಹುಟ್ಟಿದ್ದು ರಾಯರ ನಡುಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಮೂಡಿದ ಸಣ್ಣ ಕುಳಿಗಳಿಂದ. ಸೊಸೆಯು ಹೊಸ ಸ್ಟಿಲೆಟ್ಟೊ, ಅಂದರೆ ಸಪೂರವಾದ ಎತ್ತರದ ಹಿಮ್ಮಡಿಯ ಪಾದರಕ್ಷೆ, ಧರಿಸಿ, ಅಭ್ಯಾಸಕ್ಕೆಂದು ಅಲ್ಲಿ ಎರಡು ಸುತ್ತು ಹಾಕಿದ್ದಳಂತೆ.

“ಸ್ಟಿಲೆಟ್ಟೊ ಪಾದರಕ್ಷೆಯೇ ಅಲ್ಲ, ಇಟಲಿಯ ಕಠಾರಿ” ಎಂದರು ನಿವೃತ್ತ ಇತಿಹಾಸ ಮೇಷ್ಟ್ರಾದ ಶಾಮಣ್ಣನವರು. “ಕತ್ತರಿಸುವುದಕ್ಕಲ್ಲ, ತಿವಿಯುವುದಕ್ಕೆಂದೇ ಮಾಡಿದ್ದು. ವೆನಿಸ್ಸಿನ ಫಿರಂಗಿಯವರು ಅದರ ಅಲಗಿನ ಮೇಲೆ ಅಳತೆಯ ಗೆರೆಗಳನ್ನು ಕೊರೆಸಿ, ಗುಂಡಿನ ಗಾತ್ರ ನೋಡುತ್ತಿದ್ದರು.”

“ನನ್ನ ಕಸೂತಿ ಪೆಟ್ಟಿಗೆಯಲ್ಲಿ ಅದೇ ಹೆಸರಿನ ಬಡಪಾಯಿಯೊಂದಿದೆ, ಬಟ್ಟೆಯಲ್ಲಿ ದುಂಡನೆಯ ಕಣ್ಣು ತೆರೆಯುವುದಷ್ಟೇ ಅದರ ಕೆಲಸ” ಎಂದರು ವಿಮಲಮ್ಮ.

“ದಬ್ಬಳ ಎಂದರೆ ಸಾಲದೇ?” ಎಂದರು ರಾಯರು.

“ದಬ್ಬಳಕ್ಕೆ ಕಣ್ಣಿರುತ್ತದೆ. ಇದು ಕಣ್ಣು ಮಾಡುತ್ತದೆಯೇ ಹೊರತು ಇದಕ್ಕೇ ಕಣ್ಣಿಲ್ಲ.”

ನಿಘಂಟಿನ ಚಟವಿರುವ ನಾನು ಸುಮ್ಮನಿರಲಾರದೆ, ಮೇಣದ ಹಲಗೆಯ ಮೇಲೆ ಒಂದು ತುದಿಯಿಂದ ಬರೆದು ಇನ್ನೊಂದು ಚಪ್ಪಟೆ ತುದಿಯಿಂದ ಅಳಿಸುತ್ತಿದ್ದ ಲ್ಯಾಟಿನ್ನರ ‘ಸ್ಟಿಲಸ್’ ಎಂಬ ಲೇಖನಿಯೇ ಇಟಲಿಯಲ್ಲಿ ‘ಸ್ಟಿಲೊ’ ಎಂಬ ಕಠಾರಿಯಾಗಿ, ಅದರ ಮರಿಯೇ ‘ಸ್ಟಿಲೆಟ್ಟೊ’ ಆಯಿತೆಂದು ವಿವರಿಸಿದೆ. ನಮ್ಮಲ್ಲಿ ತಾಳೆಗರಿಯ ಮೇಲೆ ಬರೆಯುತ್ತಿದ್ದ ಕಂಟವೂ ಕಸುಬಿನಲ್ಲಿ ಅದರ ದಾಯಾದಿಯೇ. ಕ್ರಿ.ಪೂ. 44ರಲ್ಲಿ ಹಂತಕರು ಸುತ್ತುವರಿದಾಗ ಸೀಸರನು ಅವರಲ್ಲೊಬ್ಬನಾದ ಕ್ಯಾಸ್ಕನ ತೋಳಿಗೆ ತಿವಿದದ್ದು ತನ್ನ ಲೇಖನಿಯಿಂದಲೇ ಎಂದು ರೋಮನ್ ಚರಿತ್ರಕಾರ ಸ್ವೆಟೋನಿಯಸ್ ಬರೆದಿದ್ದಾನೆ.

“ಬರೆದದ್ದಾಯಿತು, ತಿವಿದದ್ದಾಯಿತು, ಹಿಮ್ಮಡಿಗೆ ಯಾವಾಗ ಇಳಿಯಿತು?” ಎಂದು ರಾಯರು ನಿಟ್ಟುಸಿರಿಟ್ಟರು.

1950ರ ದಶಕದಲ್ಲಿ ಎಂದೆ. ಅಷ್ಟು ಸಪೂರವಾದ ಮರದ ಹಿಮ್ಮಡಿ ಮುರಿಯುತ್ತದೆಂದು ಒಳಗೆ ಉಕ್ಕಿನ ಕಡ್ಡಿ ಇಡಲಾಯಿತು. ಪ್ಯಾರಿಸ್ಸಿನಲ್ಲಿ ಡಿಯೋರ್ ಎಂಬ ಉಡುಪಿನ ಸಂಸ್ಥೆಗಾಗಿ ರೋಜೆ ವಿವಿಯೆ, ಇಟಲಿಯಲ್ಲಿ ಫೆರಗಾಮೊ ಎಂಬ ಪಾದರಕ್ಷೆ ವಿನ್ಯಾಸಕರು ಅದನ್ನು ಮೆರೆಸಿದರು. ದೇಹದ ಭಾರವೆಲ್ಲ ಬೆರಳಗಲದ ತುದಿಯ ಮೇಲೆ ಬೀಳುವುದರಿಂದ, ಅದರಡಿಯ ಒತ್ತಡವು ಆನೆಯ ಪಾದದ ಒತ್ತಡಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

“ಹಾಗಾದರೆ ಆನೆಯನ್ನೇ ತಂದುಕೊಳ್ಳಬಹುದಿತ್ತು” ಎಂದ ರಾಯರ ಮಾತಿಗೆ, “ಆನೆ ನಿಮಗೆ ಕಾಫಿ ಮಾಡಿಕೊಡುವುದಿಲ್ಲ” ಎಂದರು ವಿಮಲಮ್ಮ.

ಕ್ಯಾಲಿಫೋರ್ನಿಯಾದ ಕಾರ್ಮೆಲ್ ಎಂಬ ಊರಿನಲ್ಲಿ, ಮರದ ಬೇರುಗಳಿಂದ ಉಬ್ಬಿದ ಕಾಲುದಾರಿಯಲ್ಲಿ ಯಾರಾದರೂ ಎಡವಿಬಿದ್ದು ದಾವೆ ಹೂಡಿಯಾರೆಂಬ ಭಯದಿಂದ, ಎರಡು ಅಂಗುಲ ಮೀರಿದ ಸಪೂರ ಹಿಮ್ಮಡಿಗೆ ನಗರಾಡಳಿತದ ಪರವಾನಗಿ ಬೇಕೆಂದು 1963ರಲ್ಲೇ ನಿಯಮವಾಯಿತೆಂದು ಶಾಮಣ್ಣನವರು ನೆನಪಿಸಿದರು.

ರಾಯರು ಹುರುಪಿನಿಂದ ನೆಟ್ಟಗೆ ಕುಳಿತರು. “ನಡುಮನೆಗೂ ಪರವಾನಗಿ ತರುತ್ತೇನೆ! ಸಹಿ ನನ್ನದೇ.”

“ಮುದ್ರೆಯ ಚಿಂತೆ ಬೇಡ ಮಾವ,” ಎಂದಳು ಕಾಫಿ ಲೋಟಗಳೊಂದಿಗೆ ಬಂದ ಸೊಸೆ, “ನೆಲದ ಮೇಲೆ ಆಗಲೇ ಒತ್ತಿದ್ದೇನೆ.”