ಅಗ್ನಿಶಾಮಕ ಕೆಲಸಕ್ಕೆ ಸರ್ಕ್ಯೂಟ್ ತರಬೇತಿ: ನಿವೃತ್ತ ಠಾಣಾಧಿಕಾರಿಗಳೊಂದಿಗೆ ಪ್ರಶ್ನೋತ್ತರ

ನಿರ್ವಾಹಕ: ಅಗ್ನಿಶಾಮಕ ಹುದ್ದೆಗೆ ಸಿದ್ಧರಾಗುತ್ತಿರುವ ನಮ್ಮ ಬಳಗದವರ ಪ್ರಶ್ನೆಗಳಿಗೆ ಈ ಭಾನುವಾರ ಬೋಧಕರು ಉತ್ತರಿಸಲು ಒಪ್ಪಿದ್ದಾರೆ. ಅವರು ಠಾಣಾಧಿಕಾರಿಯಾಗಿ ನಿವೃತ್ತರಾದವರು, ಹಲವು ವರ್ಷ ಹೊಸಬರಿಗೆ ಡ್ರಿಲ್ ಕಲಿಸಿದವರು. ವಿಷಯ ಸರ್ಕ್ಯೂಟ್ ತರಬೇತಿ, ಅಂದರೆ ಹಲವು ವ್ಯಾಯಾಮಗಳನ್ನು ಒಂದರ ಹಿಂದೊಂದು ಸುತ್ತಾಗಿ ಮಾಡುವುದು, ಅಷ್ಟು ಮಾತ್ರ. ಉತ್ತರ ಬಂದಿರುವ ಪ್ರಶ್ನೆಯನ್ನು ಮತ್ತೆ ಕೇಳಬಾರದೆಂದು ವಿನಂತಿ.

ಬಾಗಲಕೋಟೆಯ ಅಭ್ಯರ್ಥಿ: ನಮಸ್ಕಾರ ಸರ್. ನಮ್ಮೂರ ಜಾತ್ರೆಯಲ್ಲಿ 1 ಕ್ವಿಂಟಲ್ ಜೋಳದ ಚೀಲವನ್ನು ಎತ್ತಿ ಹೆಗಲಿಗೇರಿಸಿದ್ದೇನೆ. ದಿನವೂ 5 ಕಿ.ಮೀ. ಓಡುತ್ತೇನೆ. ಆದರೂ ಮೊನ್ನೆ ಗೆಳೆಯರೊಂದಿಗೆ ಪಂತ ಕಟ್ಟಿ, 20 ಕೆ.ಜಿ. ಮರಳನ್ನು ಬೆನ್ನಿಗೆ ಹಾಕಿಕೊಂಡು 4 ಅಂತಸ್ತು ಹತ್ತಿದಾಗ ಮಾತನಾಡಲೂ ಉಸಿರಿರಲಿಲ್ಲ. ನನ್ನ ಕೊರತೆ ಎಲ್ಲಿದೆ? ಸರ್ಕ್ಯೂಟ್ ತರಬೇತಿ ಇದಕ್ಕೆ ಮದ್ದಾಗುತ್ತದೆಯೇ?

ಬೋಧಕರು: ನಿಮ್ಮ ಬಲವೂ ಸರಿಯಿದೆ, ಓಟವೂ ಸರಿಯಿದೆ, ಎರಡನ್ನೂ ನೀವು ಬೇರೆ ಬೇರೆ ಹೊತ್ತಿನಲ್ಲಿ ಮಾಡುತ್ತಿದ್ದೀರಿ, ಅಷ್ಟೇ. ಜಾತ್ರೆಯಲ್ಲಿ ಚೀಲ ಎತ್ತಿದವನಿಗೆ ಶಾಲು ಹೊದಿಸಿ ಕೂರಿಸುತ್ತಾರೆ. ಬೆಂಕಿ ಬಿದ್ದಲ್ಲಿ ಹೋಸ್ ಎಳೆದ ಉಸಿರಿನಲ್ಲಿಯೇ ಮೆಟ್ಟಿಲು ಹತ್ತಬೇಕು, ಹತ್ತಿದ ಉಸಿರಿನಲ್ಲಿಯೇ ಬಾಗಿಲು ಒಡೆಯಬೇಕು, ಒಡೆದ ಕೈಯಲ್ಲಿಯೇ ಪ್ರಜ್ಞೆ ತಪ್ಪಿದವರನ್ನು ಹೊರಗೆಳೆಯಬೇಕು. ನಾವು ಬಳಸುವ 63 ಮಿ.ಮೀ. ವ್ಯಾಸದ, 15 ಮೀಟರ್ ಉದ್ದದ ಹೋಸ್ ಒಂದರಲ್ಲಿ ತುಂಬಿದ ನೀರೇ ಸುಮಾರು 47 ಕೆ.ಜಿ. ತೂಗುತ್ತದೆ.

ಇನ್ನು ಉಸಿರಿನ ಲೆಕ್ಕ. ಬಿ.ಎ. ಸೆಟ್ಟಿನ, ಅಂದರೆ ಹೊಗೆಯಲ್ಲಿ ಉಸಿರಾಡಲು ಬೆನ್ನಿಗೆ ಹೊರುವ ಗಾಳಿಯ ಉಪಕರಣದ, 6 ಲೀಟರಿನ ಸಿಲಿಂಡರಿನಲ್ಲಿ 300 ಬಾರ್ ಒತ್ತಡದಲ್ಲಿ ಸುಮಾರು 1800 ಲೀಟರ್ ಗಾಳಿ ಇರುತ್ತದೆ. ಸುಮಾರು 50 ಬಾರ್ ಉಳಿದಾಗ ವಿಸಿಲ್ ಕೂಗುತ್ತದೆ, ಆ ಹೊತ್ತಿಗೆ ನೀವು ಹೊರಗಿರಬೇಕು; ಅಂದರೆ ಕೆಲಸಕ್ಕೆ ದಕ್ಕುವುದು 1500 ಲೀಟರ್. ನಿಮಿಷಕ್ಕೆ 40 ಲೀಟರ್ ಉಸಿರಾಡುವವನಿಗೆ ಅದು 37 ನಿಮಿಷ ಬರುತ್ತದೆ. ಏದುಸಿರು ಬಿಡುತ್ತಾ 80 ಲೀಟರ್ ಎಳೆಯುವವನಿಗೆ 19 ನಿಮಿಷವೂ ಬರುವುದಿಲ್ಲ. ಸಿಲಿಂಡರ್ ಅದೇ, ಕಟ್ಟಡ ಅದೇ. ಸರ್ಕ್ಯೂಟ್ ತರಬೇತಿಯಿಂದ ನಾವು ಗಳಿಸಬೇಕಾದದ್ದು ಆ ನಿಮಿಷಗಳನ್ನು. ತೋಳಿನ ಸುತ್ತಳತೆ ಆಮೇಲಿನ ಮಾತು.

ಒಂದು ವ್ಯಾಯಾಮ ಮುಗಿಸಿ, ಹೆಚ್ಚು ವಿರಾಮವಿಲ್ಲದೆ ಮುಂದಿನದಕ್ಕೆ ಹೋಗುವ ಈ ಪದ್ಧತಿಯನ್ನು 1953ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಗನ್ ಮತ್ತು ಆಡಮ್ಸನ್ ಎಂಬಿಬ್ಬರು ರೂಪಿಸಿದರು. ನಿಮಗೆ ಜಿಮ್ ಬೇಕಾಗಿಲ್ಲ. ಬೆನ್ನಿಗೆ 10 ಕೆ.ಜಿ. ಹಾಕಿಕೊಂಡು ಮೆಟ್ಟಿಲು ಹತ್ತಿಳಿಯಿರಿ. ಹಳೆಯ ಟೈರಿಗೆ ಹಗ್ಗ ಕಟ್ಟಿ ಎಳೆಯಿರಿ. ಎರಡು ಕೈಯಲ್ಲೂ ನೀರಿನ ಕ್ಯಾನ್ ಹಿಡಿದು ನಡೆಯಿರಿ. ಟ್ರ್ಯಾಕ್ಟರ್ ಟೈರಿನ ಮೇಲೆ ಸುತ್ತಿಗೆಯಿಂದ ಹೊಡೆಯಿರಿ. ಅಂಬೆಗಾಲಿಟ್ಟು 20 ಮೀಟರ್ ಹೋಗಿ. ಕೊನೆಗೆ ಮರಳಿನ ಮೂಟೆಯನ್ನು ಹಿಮ್ಮುಖವಾಗಿ ಎಳೆಯಿರಿ. ಮನೆಯಲ್ಲಿ ರಾಟೆ ಹಾಕಿದ ಬಾವಿಯಿದ್ದರೆ ನೀವು ಭಾಗ್ಯವಂತರು, ಏಕೆಂದರೆ ಎಕ್ಸ್‌ಟೆನ್ಶನ್ ಏಣಿಯ ಮೇಲ್ಭಾಗವನ್ನು ಹಗ್ಗದಿಂದ ಏರಿಸುವುದಕ್ಕೂ ನೀರು ಸೇದುವುದಕ್ಕೂ ಕೈಯ ಚಲನೆಯಲ್ಲಿ ವ್ಯತ್ಯಾಸವೇ ಇಲ್ಲ. ಪ್ರತಿಯೊಂದಕ್ಕೂ 40 ಸೆಕೆಂಡು, ನಡುವೆ 20 ಸೆಕೆಂಡು ನಡಿಗೆ. ಮೊದಲೆರಡು ವಾರ 2 ಸುತ್ತು, ನಂತರ 3, ವಾರಕ್ಕೆ 3 ದಿನ ಸಾಕು. ಮೂಟೆ ಎಳೆಯುವುದನ್ನು ಕೊನೆಗಿಟ್ಟದ್ದು ಬೇಕೆಂದೇ: ನಿಜವಾದ ಕೆಲಸದಲ್ಲಿಯೂ ಮನುಷ್ಯ ಸಿಗುವುದು ನೀವು ಅರ್ಧ ಬಳಲಿದ ಮೇಲೆಯೇ.

ಹಾವೇರಿಯ ಅಭ್ಯರ್ಥಿ: ಸರ್, ಕನಿಷ್ಠ ಎತ್ತರ ಎಷ್ಟಿರಬೇಕು?

ಬೋಧಕರು: ನೇಮಕಾತಿ ಅಧಿಸೂಚನೆಯಲ್ಲಿದೆ, ಓದಿಕೊಳ್ಳಿ.

ತುಮಕೂರಿನ ಸದಸ್ಯ: ಮೂರು ಗುಂಪುಗಳಲ್ಲಿ ಬಂದಿರುವ ಸಂದೇಶವೊಂದನ್ನು ಇಲ್ಲಿ ಹಾಕುತ್ತಿದ್ದೇನೆ. ‘ಮೈಗೆ ಪ್ಲಾಸ್ಟಿಕ್ ಜಾಕೆಟ್ ತೊಟ್ಟು ಓಡಿದರೆ ವಾರದಲ್ಲಿ 4 ಕೆ.ಜಿ. ಇಳಿಯುತ್ತದೆ. ವ್ಯಾಯಾಮದ ನಡುವೆ ನೀರು ಕುಡಿಯಬಾರದು. ಒಣಹುಲ್ಲಿಗೆ ಬೆಂಕಿ ಹಚ್ಚಿ, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ದಿನವೂ 10 ನಿಮಿಷ ಹೊಗೆಯಲ್ಲಿ ನಿಂತರೆ ಶ್ವಾಸಕೋಶ ಹೊಗೆಗೆ ಹೊಂದಿಕೊಳ್ಳುತ್ತದೆ.’ ತಮ್ಮ ಅಭಿಪ್ರಾಯವೇನು?

ಬೋಧಕರು: ಮೂರೂ ತಪ್ಪು, ಮೂರನೆಯದು ತಪ್ಪಿಗಿಂತ ದೊಡ್ಡದು. ಜಾಕೆಟ್ ತೊಟ್ಟಾಗ ಇಳಿಯುವುದು ನೀರಿನ ತೂಕ; 1 ಲೀಟರ್ ಬೆವರು ಹೋದರೆ 1 ಕೆ.ಜಿ. ಕಡಿಮೆ ತೋರಿಸುತ್ತದೆ, ನೀರು ಕುಡಿದರೆ ಮರಳಿ ಬರುತ್ತದೆ. ಬೆವರು ಆರುವುದರಿಂದಲೇ ದೇಹ ತಣ್ಣಗಾಗುವುದು. ಅದನ್ನು ಪ್ಲಾಸ್ಟಿಕ್ಕಿನಿಂದ ತಡೆದು, ನೀರನ್ನೂ ನಿಲ್ಲಿಸಿದರೆ ಉಷ್ಣಾಘಾತಕ್ಕೆ ನೀವೇ ಬಾಗಿಲು ತೆರೆದಂತೆ. ಹೊಗೆಗೆ ಯಾವ ಶ್ವಾಸಕೋಶವೂ ಹೊಂದಿಕೊಳ್ಳುವುದಿಲ್ಲ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಒದ್ದೆ ಬಟ್ಟೆ ಅದನ್ನು ಸೋಸುವುದೂ ಇಲ್ಲ. ಹೊಗೆಗೆ ಹೊಂದಿಕೊಳ್ಳಬಹುದಾಗಿದ್ದರೆ ಸರ್ಕಾರ ನಮಗೆ ಬಿ.ಎ. ಸೆಟ್ ಏಕೆ ಕೊಡುತ್ತಿತ್ತು? ಇಂತಹ ಸಂದೇಶಗಳನ್ನು ‘ಅಭಿಪ್ರಾಯಕ್ಕಾಗಿ’ ಎಂಬ ನೆಪದಲ್ಲಿಯೂ ಮುಂದೆ ಕಳುಹಿಸಬೇಡಿ.

ಅಮೆರಿಕದಲ್ಲಿರುವ ಸದಸ್ಯ: ಇಲ್ಲಿ ಟೆಕ್ಸಾಸಿನಲ್ಲಿ ನನ್ನ ಸಹೋದ್ಯೋಗಿಯೊಬ್ಬರು ಸಿ.ಪಿ.ಎ.ಟಿ. ಎಂಬ, ಅಗ್ನಿಶಾಮಕ ಅಭ್ಯರ್ಥಿಗಳ ದೈಹಿಕ ಸಾಮರ್ಥ್ಯದ ಪರೀಕ್ಷೆಗೆ ಸಿದ್ಧರಾಗುತ್ತಿದ್ದಾರೆ. ಸುಮಾರು 22.7 ಕೆ.ಜಿ. ತೂಕದ ಅಂಗಿ ತೊಟ್ಟು 8 ಕೆಲಸಗಳನ್ನು 10 ನಿಮಿಷ 20 ಸೆಕೆಂಡಿನಲ್ಲಿ ಮುಗಿಸಬೇಕಂತೆ. ನಮ್ಮವರಿಗೂ ಇದು ಮಾದರಿಯಾಗಬಹುದೇ?

ಬೋಧಕರು: ಒಳ್ಳೆಯ ಪ್ರಶ್ನೆ ಕೇಳಿದಿರಿ. ಆ ಪರೀಕ್ಷೆಯಲ್ಲಿ ನನಗೆ ಹಿಡಿಸಿದ್ದು ಅದರ ಅನುಕ್ರಮ. ಮೊದಲನೆಯದೇ ಮೆಟ್ಟಿಲು ಯಂತ್ರ: ಅಂಗಿಯ ಮೇಲೆ ಇನ್ನೂ 11.3 ಕೆ.ಜಿ. ಹೊರಿಸಿ, ನಿಮಿಷಕ್ಕೆ 60 ಮೆಟ್ಟಿಲಿನಂತೆ 3 ನಿಮಿಷ ಹತ್ತಿಸುತ್ತಾರೆ. ಕಾಲು ಸೋತ ಮೇಲೆ ಹೋಸ್ ಎಳೆಯುವುದು, ಗರಗಸಗಳನ್ನು ಹೊತ್ತು ನಡೆಯುವುದು, ಏಣಿ ಏರಿಸುವುದು, ಸುತ್ತಿಗೆಯ ಹೊಡೆತ, ಕತ್ತಲ ಸುರಂಗದಲ್ಲಿ ತೆವಳುವುದು, 75 ಕೆ.ಜಿ. ಬೊಂಬೆಯನ್ನು ಎಳೆಯುವುದು, ಕೊನೆಯಲ್ಲಿ ಕೊಕ್ಕೆಕೋಲಿನಿಂದ ಚಾವಣಿಯನ್ನು ತಿವಿದು ಎಳೆಯುವುದು. ತೋಳು ಸತ್ತಂತಾದ ಮೇಲೆ ತಲೆಯ ಮೇಲಕ್ಕೆ ಕೈಯೆತ್ತಿ ಮಾಡುವ ಕೆಲಸವನ್ನು ಇಟ್ಟವರು ಬೆಂಕಿಯ ಕೆಲಸ ಬಲ್ಲವರೇ ಇರಬೇಕು. ಒಂದು ಕೆಲಸದಿಂದ ಇನ್ನೊಂದಕ್ಕೆ ನಡೆದೇ ಹೋಗಬೇಕು, ಓಡುವಂತಿಲ್ಲ. ಆ ಸುಮಾರು 20 ಸೆಕೆಂಡಿನಲ್ಲಿ ಉಸಿರನ್ನು ಹಿಡಿತಕ್ಕೆ ತಂದುಕೊಳ್ಳುವವನು ಗೆಲ್ಲುತ್ತಾನೆ. ಅನುಕ್ರಮವನ್ನು ನಮ್ಮವರು ಧಾರಾಳವಾಗಿ ಅನುಸರಿಸಲಿ. ಭಾರವನ್ನು ಮಾತ್ರ ಮೊದಲ ದಿನವೇ ಅಷ್ಟಕ್ಕೇರಿಸಬೇಡಿ.

ಮೈಸೂರಿನ ಸದಸ್ಯ: ಇಂಗ್ಲೆಂಡ್, ಅಮೆರಿಕ ಎಂದು ಅಷ್ಟು ದೂರ ಹೋಗುವುದೇಕೆ? ನಮ್ಮ ಗರಡಿಮನೆಗಳಲ್ಲಿ ಇಲ್ಲದ್ದು ಇದರಲ್ಲೇನಿದೆ? ದಿನಕ್ಕೆ 500 ಬಸ್ಕಿ, 300 ದಂಡೆ ಹೊಡೆದ ಪೈಲ್ವಾನನಿಗೆ ಯಾವ ಸರ್ಕ್ಯೂಟೂ ಬೇಕಾಗಿಲ್ಲ. ಹುಡುಗರು ನಾಳೆಯಿಂದಲೇ ಆರಂಭಿಸಲಿ.

ಬೆಂಗಳೂರಿನ ಜಿಮ್ ತರಬೇತುದಾರ: ಕ್ಷಮಿಸಿ, ಪೈಲ್ವಾನರ ಆ ಸಂಖ್ಯೆ ಹಲವು ವರ್ಷಗಳ ಸಾಧನೆ. ಅದನ್ನು ಮೊದಲ ದಿನದವರಿಗೆ ಹೇಳುವುದು ಜವಾಬ್ದಾರಿಯ ಮಾತಲ್ಲ.

ಮೈಸೂರಿನ ಸದಸ್ಯ: ಕನ್ನಡಿಯ ಮುಂದೆ ಪ್ರೊಟೀನ್ ಪುಡಿ ಕಲಸುವವರಿಂದ ಗರಡಿಯ ವಿಷಯ ಕಲಿಯುವ ಸ್ಥಿತಿ ನನಗೆ ಇನ್ನೂ ಬಂದಿಲ್ಲ.

ಬೆಂಗಳೂರಿನ ಜಿಮ್ ತರಬೇತುದಾರ: ಪ್ರಶ್ನೆಗೆ ಉತ್ತರವಿಲ್ಲದಾಗ ವ್ಯಕ್ತಿಯ ಮೇಲೆ ಬೀಳುವುದು ಸುಲಭ.

ಹಾಸನದ ಅಭ್ಯರ್ಥಿ: ಕನ್ನಡಕ ಹಾಕುವವರು ಅರ್ಜಿ ಸಲ್ಲಿಸಬಹುದೇ ಸರ್?

ನಿರ್ವಾಹಕ: ಇಬ್ಬರೂ ಇಲ್ಲಿಗೆ ನಿಲ್ಲಿಸಬೇಕು.

ಬೋಧಕರು: ಗರಡಿಯ ಬಗ್ಗೆ ನನಗೆ ಗೌರವವಿದೆ, ನಾನೂ ಮಣ್ಣಿಗಿಳಿದವನೇ. ಆದರೆ ಯಾವ ಉಸ್ತಾದರೂ ಹೊಸ ಹುಡುಗನಿಗೆ ಮೊದಲ ದಿನ 500 ಬಸ್ಕಿ ಹೊಡೆಸುವುದಿಲ್ಲ.

ಚಿಕ್ಕಮಗಳೂರಿನ ಅಭ್ಯರ್ಥಿ: ಸರ್, ನನ್ನ ತೂಕ 50 ಕೆ.ಜಿ. ಕಾರ್ಖಾನೆಯೊಂದರ ಅಗ್ನಿರಕ್ಷಣಾ ತಂಡಕ್ಕೆ ಸೇರಿದ್ದೇನೆ. ಮೆಟ್ಟಿಲು, ಹೋಸ್ ಎಲ್ಲವೂ ಆಗುತ್ತದೆ, 70 ಕೆ.ಜಿ. ಬೊಂಬೆಯನ್ನು ಹೆಗಲಿಗೆ ಎತ್ತಲು ಮಾತ್ರ ಸಾಧ್ಯವಾಗುತ್ತಿಲ್ಲ.

ತುಮಕೂರಿನ ಸದಸ್ಯ: ಸೋದರಿ, ಬೇಸರಿಸಬೇಡಿ, ಇದು ಹೆಣ್ಣುಮಕ್ಕಳಿಗೆ ಒಗ್ಗುವ ಕೆಲಸವಲ್ಲ. ಕಚೇರಿಯ ಕೆಲಸ ನೋಡಿಕೊಳ್ಳುವುದು ಒಳ್ಳೆಯದು.

ಚಿಕ್ಕಮಗಳೂರಿನ ಅಭ್ಯರ್ಥಿ: ನಾನು ಬೋಧಕರನ್ನು ಕೇಳಿದ್ದೇನೆ. ಹೊಗೆಯಲ್ಲಿ ನಿಲ್ಲುವ ಸಂದೇಶವನ್ನು ಹಾಕಿದವರು ತಾವೇ ಅಲ್ಲವೇ?

ಬೋಧಕರು: ತುಮಕೂರಿನವರೇ, ಉತ್ತರ ಹೇಳಲು ನನ್ನನ್ನು ಕರೆದಿದ್ದಾರೆ. ಅಮ್ಮಾ, ನೀವು ಎತ್ತಬೇಕಾಗಿಯೇ ಇಲ್ಲ. ಹೊಗೆ ತುಂಬಿದ ಕೋಣೆಯಲ್ಲಿ ಬಿಸಿಯೂ ವಿಷಾನಿಲವೂ ಮೇಲೆ ಕಟ್ಟಿರುತ್ತವೆ. ಮನುಷ್ಯನನ್ನು ಹೆಗಲಿಗೇರಿಸಿದರೆ ಅವನ ಮುಖವನ್ನು ಅದೇ ಹೊಗೆಯೊಳಕ್ಕೆ ತೂರಿದಂತಾಗುತ್ತದೆ. ತಲೆಯ ಕಡೆ ಕುಳಿತು, ಕಂಕುಳ ಕೆಳಗೆ ಕೈ ಹಾಕಿ ಅಥವಾ ಪಟ್ಟಿ ಸುತ್ತಿ, ಬೆನ್ನು ನೇರವಾಗಿಟ್ಟು, ಹಿಮ್ಮಡಿಯನ್ನು ನೆಲಕ್ಕೊತ್ತಿ ಕಾಲಿನ ಬಲದಿಂದ ಹಿಂದಕ್ಕೆ ಎಳೆಯಿರಿ. ಸೊಂಟದಿಂದ ಎಳೆದರೆ ಮರುದಿನ ಏಳಲಾರಿರಿ. 30 ಕೆ.ಜಿ. ಮೂಟೆಯಿಂದ ಆರಂಭಿಸಿ ವಾರಕ್ಕೆ 5 ಕೆ.ಜಿ. ಏರಿಸಿ, ಒರಟು ಸಿಮೆಂಟಿನ ನೆಲದಲ್ಲಿಯೂ ಒಮ್ಮೆ ಅಭ್ಯಾಸ ಮಾಡಿ. ಎತ್ತಲಾರದ 50 ಕೆ.ಜಿ.ಯವರು ಎಳೆದು ತಂದದ್ದನ್ನೂ, ಎತ್ತಲು ಹೋದ 85 ಕೆ.ಜಿ.ಯವರು ಬೊಂಬೆಯೊಡನೆ ಉರುಳಿದ್ದನ್ನೂ ನಾನು ಡ್ರಿಲ್ ಮೈದಾನದಲ್ಲಿ ನೋಡಿದ್ದೇನೆ.

ರಾಯಚೂರಿನ ಅಭ್ಯರ್ಥಿ: ಎತ್ತರ ಎಷ್ಟಿರಬೇಕೆಂದು ದಯವಿಟ್ಟು ತಿಳಿಸಿ.

ಬೋಧಕರು: ಮೇಲೆ ನೋಡಿ.

ಮಂಡ್ಯದ ಅಭ್ಯರ್ಥಿ: ಸರ್, ನನ್ನ ರೂಮಿನಲ್ಲಿರುವ ಗೆಳೆಯನ ಪರವಾಗಿ ಕೇಳುತ್ತಿದ್ದೇನೆ. ಅವನು ಶುಕ್ರವಾರ ಮೊದಲ ಬಾರಿಗೆ 500 ಬಸ್ಕಿ ಹೊಡೆದು, ಪ್ಲಾಸ್ಟಿಕ್ ಜಾಕೆಟ್ ತೊಟ್ಟು ಓಡಿದ. ನಿನ್ನೆಯಿಂದ ತೊಡೆಗಳು ಬಿಗಿದು ಊದಿವೆ. ಗೋಡೆ ಹಿಡಿಯದೆ ಏಳಲಾರ. ನೋವಿಗೆಂದು ಡೈಕ್ಲೋಫೆನಾಕ್ ಮಾತ್ರೆ ಎರಡು ಬಾರಿ ನುಂಗಿದ್ದಾನೆ. ಇಂದು ಬೆಳಿಗ್ಗೆ ಮೂತ್ರ ಕಡುಕಂದು ಬಣ್ಣದಲ್ಲಿತ್ತಂತೆ. ನಾಳೆಯ ಸರ್ಕ್ಯೂಟನ್ನು ಹಗುರವಾಗಿ ಮಾಡಿದರೆ ಸಾಕೇ?

ಬೋಧಕರು: ಉಳಿದ ಪ್ರಶ್ನೆಗಳೆಲ್ಲ ಕಾಯಲಿ. ಮಂಡ್ಯದವರೇ, ಇದನ್ನು ಓದಿದ ಕೂಡಲೇ ಅವನನ್ನು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ನಾಳೆ ಬೆಳಿಗ್ಗೆಯವರೆಗೆ ಕಾಯಬೇಡಿ, ಮೆಡಿಕಲ್ ಸ್ಟೋರಿನಲ್ಲಿ ಕೇಳಬೇಡಿ. ಬೈಕಿನಲ್ಲಿ ಬೇಡ, ಆಟೋ ಮಾಡಿ. ನಡೆಯಲಾಗದಿದ್ದರೆ 108ಕ್ಕೆ ಕರೆ ಮಾಡಿ.

ನಾನು ವೈದ್ಯನಲ್ಲ, ಆದರೆ ಈ ಲಕ್ಷಣಗಳನ್ನು ತರಬೇತಿಯಲ್ಲಿ ಒಮ್ಮೆ ಕಂಡಿದ್ದೇನೆ, ಮರೆತಿಲ್ಲ. ಅಭ್ಯಾಸವಿಲ್ಲದ ಸ್ನಾಯುವನ್ನು ಒಮ್ಮೆಲೇ ಮಿತಿಮೀರಿ ದುಡಿಸಿದಾಗ, ಅದರಲ್ಲಿಯೂ ಬಿಸಿಯಲ್ಲಿ ನೀರಿಲ್ಲದೆ ದುಡಿಸಿದಾಗ, ಸ್ನಾಯುವಿನ ಕೋಶಗಳು ಒಡೆದು ಅವುಗಳೊಳಗಿನ ಮಯೋಗ್ಲೋಬಿನ್ ಎಂಬ ಪ್ರೊಟೀನ್ ರಕ್ತಕ್ಕೆ ಸೇರುತ್ತದೆ. ಮೂತ್ರಕ್ಕೆ ಡಿಕಾಕ್ಷನ್ನಿನಂತಹ ಬಣ್ಣ ಬರುವುದು ಅದರಿಂದಲೇ, ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದೂ ಅದರಿಂದಲೇ. ಇದನ್ನು ವೈದ್ಯರು ರ‍್ಯಾಬ್ಡೊಮಯೋಲಿಸಿಸ್ ಎನ್ನುತ್ತಾರೆ. ಸಾಮಾನ್ಯ ಮೈಕೈ ನೋವಿಗೂ ಇದಕ್ಕೂ ಇರುವ ಗುರುತು ಮೂತ್ರದ ಬಣ್ಣ, ಊತ ಮತ್ತು ಅಶಕ್ತತೆ. ನೀರು ಕಡಿಮೆಯಿರುವ ದೇಹದಲ್ಲಿ ಡೈಕ್ಲೋಫೆನಾಕ್ ಮೂತ್ರಪಿಂಡದ ಮೇಲೆ ಇನ್ನಷ್ಟು ಭಾರ ಹಾಕುತ್ತದೆ. ಇನ್ನೊಂದು ಮಾತ್ರೆಯನ್ನೂ ನುಂಗಕೂಡದು. 500 ಬಸ್ಕಿ, ಜಾಕೆಟ್, ಮಾತ್ರೆ, ಮೂತ್ರದ ಬಣ್ಣ, ಈ ನಾಲ್ಕನ್ನೂ ವೈದ್ಯರಿಗೆ ಮುಚ್ಚಿಡದೆ ಹೇಳಿ. ಅವರು ಸ್ನಾಯುವಿನ ಹಾನಿ ತೋರಿಸುವ ಸಿ.ಪಿ.ಕೆ., ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್, ಪೊಟ್ಯಾಸಿಯಂ ರಕ್ತಪರೀಕ್ಷೆಗಳನ್ನೂ ಇ.ಸಿ.ಜಿ.ಯನ್ನೂ ಮಾಡಿಸಬಹುದು, ಡ್ರಿಪ್ ಹಾಕಬಹುದು. ತೊಡೆ ಕಲ್ಲಿನಂತೆ ಗಟ್ಟಿಯಾಗಿದೆಯೇ, ಪಾದ ಜೋಮು ಹಿಡಿದಿದೆಯೇ ಎಂಬುದನ್ನೂ ತಿಳಿಸಿ. ಹಾಗಿದ್ದರೆ ಅವರು ಇನ್ನೂ ಬೇಗ ನೋಡಬೇಕಾಗುತ್ತದೆ.

ಹೊರಟ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ.

ಹಾವೇರಿಯ ಅಭ್ಯರ್ಥಿ: ಇದು ಬರೀ ಉಷ್ಣ. ದಿನಕ್ಕೆ 4 ಎಳನೀರು, ಬಾರ್ಲಿ ನೀರು ಕುಡಿದರೆ ಮೂತ್ರ ತಿಳಿಯಾಗುತ್ತದೆ. ತೊಡೆಗೆ ಎಕ್ಕದ ಎಲೆ ಬಿಸಿ ಮಾಡಿ ಕಟ್ಟಲಿ. ನಮ್ಮ ಗುಂಪಿನಲ್ಲಿ ಬಂದಿತ್ತು.

ಬೋಧಕರು: ನಿಮ್ಮ ಗುಂಪಿನಲ್ಲಿ ಬಂದದ್ದು ನಿಮ್ಮ ಗುಂಪಿನಲ್ಲಿಯೇ ಇರಲಿ. ಸ್ನಾಯು ಒಡೆದಾಗ ಪೊಟ್ಯಾಸಿಯಂ ಕೂಡ ರಕ್ತಕ್ಕೆ ನುಗ್ಗುತ್ತದೆ, ಅದು ಮಿತಿಮೀರಿದರೆ ಹೃದಯದ ಬಡಿತವೇ ತಪ್ಪಬಹುದು. ಎಳನೀರಿನಲ್ಲಿ ತುಂಬಿರುವುದೇ ಪೊಟ್ಯಾಸಿಯಂ. ಆರೋಗ್ಯವಂತನಿಗೆ ಅಮೃತವಾದದ್ದು ಈ ಹುಡುಗನಿಗೆ ಏನಾಗಬಹುದೆಂದು ಯೋಚಿಸಿ ಬರೆಯುವ ವ್ಯವಧಾನವಾದರೂ ಬೇಡವೇ? ನಿರ್ವಾಹಕರೇ, ಆ ಸಂದೇಶವನ್ನು ಅಳಿಸಿ.

ಮೈಸೂರಿನ ಸದಸ್ಯ: ನಾನು ಬಸ್ಕಿಯ ವಿಷಯ ಬರೆದದ್ದು ಇಂದು. ಆ ಹುಡುಗ ಹೊಡೆದದ್ದು ಶುಕ್ರವಾರ. ನನ್ನ ಕಡೆಗೆ ಬೆರಳು ತೋರಿಸುವ ಅಗತ್ಯವಿಲ್ಲ.

ಬೆಂಗಳೂರಿನ ಜಿಮ್ ತರಬೇತುದಾರ: ಯಾರೂ ತೋರಿಸಿರಲಿಲ್ಲ.

ಮೈಸೂರಿನ ಸದಸ್ಯ: ತಮ್ಮನ್ನು ಯಾರೂ ಕೇಳಿಯೂ ಇರಲಿಲ್ಲ.

ನಿರ್ವಾಹಕ: ಎಳನೀರಿನ ಸಂದೇಶವನ್ನು ಅಳಿಸಲಾಗಿದೆ. ಮುಂದಿನ ವೈಯಕ್ತಿಕ ಮಾತಿಗೆ ಸದಸ್ಯತ್ವವನ್ನೇ ತೆಗೆಯಲಾಗುವುದು.

ಕಲಬುರಗಿಯ ಅಭ್ಯರ್ಥಿ: ಈ ಹುದ್ದೆಯ ಆರಂಭಿಕ ವೇತನ ಎಷ್ಟು ಸರ್? ಎತ್ತರವನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಬಾಗಲಕೋಟೆಯ ಅಭ್ಯರ್ಥಿ: ಸರ್, ಒಂದೇ ಒಂದು ಮಾತು. ಸರ್ಕ್ಯೂಟಿನ ನಡುವೆ ಎಲ್ಲಿ ನಿಲ್ಲಿಸಬೇಕೆಂದು ನಮಗೆ ಹೇಗೆ ತಿಳಿಯಬೇಕು?

ಬೋಧಕರು: ವಿರಾಮದ 20 ಸೆಕೆಂಡಿನಲ್ಲಿ ನಿಮ್ಮ ಹೆಸರನ್ನೂ ಊರನ್ನೂ ತಡವರಿಸದೆ ಹೇಳಲಾಗದಿದ್ದರೆ ಮುಂದಿನ ಕೆಲಸಕ್ಕೆ ಹೋಗಬೇಡಿ. ತಲೆ ತಿರುಗುವುದು, ಎದೆ ಬಿಗಿಯುವುದು, ಬಿಸಿಲಿನಲ್ಲಿಯೂ ಚಳಿ ಎನಿಸುವುದು, ಇವುಗಳಲ್ಲಿ ಒಂದು ಕಂಡರೂ ಆ ದಿನದ ಅಭ್ಯಾಸ ಮುಗಿಯಿತು.

ಮಂಡ್ಯದ ಅಭ್ಯರ್ಥಿ: ಸರ್, ಸೇರಿಸಿಕೊಂಡಿದ್ದಾರೆ. ಡ್ರಿಪ್ ಹಾಕಿದ್ದಾರೆ. ರಕ್ತಪರೀಕ್ಷೆಯ ಅಂಕಿ ಬಹಳ ಹೆಚ್ಚಿದೆ, ಸರಿಯಾದ ಹೊತ್ತಿಗೆ ಬಂದಿರಿ ಎಂದರು. ಮುಂದಿನ ತಿಂಗಳ ದೈಹಿಕ ಪರೀಕ್ಷೆಗೆ ಓಡಬಹುದೇ ಎಂದು ಅವನು ಮಲಗಿದಲ್ಲಿಂದಲೇ ಕೇಳುತ್ತಿದ್ದಾನೆ.

ಬೋಧಕರು: ವೈದ್ಯರು ಬರೆದುಕೊಡುವವರೆಗೆ ಓಡುವಂತಿಲ್ಲ, ಬಸ್ಕಿಯಂತೂ ಇಲ್ಲ. ಅಧಿಸೂಚನೆ ಮತ್ತೆ ಬರುತ್ತದೆ ಎಂದು ಹೇಳಿ. ನೀವು ಇಂದು ರಾತ್ರಿ ಅವನ ಜೊತೆಗಿರಿ, ಮೂತ್ರ ಎಷ್ಟು ಹೋಗುತ್ತಿದೆಯೆಂದು ನರ್ಸ್ ಕೇಳಿದಾಗ ಅಂದಾಜಿನಲ್ಲಿ ಹೇಳದೆ ಅಳತೆಯ ಪಾತ್ರೆ ನೋಡಿ ಹೇಳಿ. ಆ ಪ್ಲಾಸ್ಟಿಕ್ ಜಾಕೆಟ್ ರೂಮಿನಲ್ಲಿಯೇ ಇದ್ದರೆ ನಾಳೆ ಕಸದ ಗಾಡಿಗೆ ಹಾಕಿ.